“ಹೆದರಿಸಲಿಕ್ಕೆ ಮಾಡಿದ್ದು” ಎನ್ನುವ ಮೊದಲು

ಖಿನ್ನತೆಯಿಂದ ಬಳಲುತ್ತಿರುವ ಹೆಂಗಸೊಬ್ಬಳು ಸಾಯುವ ಮಾತಾಡಿದಾಗ, ಅಥವಾ ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದಾಗ, ಅವಳನ್ನು ಕರೆತಂದವರಲ್ಲಿ ಒಬ್ಬರಾದರೂ ನನ್ನನ್ನು ಬಾಗಿಲಿನಾಚೆಗೆ ಕರೆದು, “ಇದು ನಮ್ಮನ್ನು ಹೆದರಿಸಲಿಕ್ಕೆ ಮಾಡಿದ್ದಲ್ಲವಾ ಡಾಕ್ಟ್ರೇ?” ಎಂದು ಕೇಳುತ್ತಾರೆ. ಕಾಸರಗೋಡಿನಲ್ಲಿ ತುಳುವಿನಲ್ಲಿ ಕೇಳಲಿ, ಹವ್ಯಕ ಕನ್ನಡದಲ್ಲಿ ಕೇಳಲಿ, ಮಲಯಾಳದಲ್ಲಿ ಕೇಳಲಿ, ಪ್ರಶ್ನೆಯ ಧಾಟಿ ಮಾತ್ರ ಒಂದೇ. ಈಚೆಗೆ ಓದಿಕೊಂಡವರು ಅದಕ್ಕೆ ಅಂಕಿಅಂಶಗಳ ಆಧಾರವನ್ನೂ ಕೊಡುತ್ತಾರೆ: ಯತ್ನಿಸುವವರಲ್ಲಿ ಹೆಂಗಸರು ಹೆಚ್ಚು, ಸಾಯುವವರಲ್ಲಿ ಗಂಡಸರು ಹೆಚ್ಚು, ಹಾಗಿರುವಾಗ ಇಷ್ಟು ಗಾಬರಿ ಏಕೆ ಎಂಬುದು ಅವರ ತರ್ಕ.

ಅಂಕಿಗಳು ತಪ್ಪಲ್ಲ. ಖಿನ್ನತೆ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕಾಣಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಮಂದಿಯಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಅದೇ ವರ್ಷ ಆತ್ಮಹತ್ಯೆಯ ಪ್ರಮಾಣ ದೇಶದಲ್ಲಿ ಲಕ್ಷ ಜನರಿಗೆ 12.4 ಇದ್ದರೆ ನಮ್ಮ ಕೇರಳದಲ್ಲಿ 28.5 ಇತ್ತು. ಆದರೆ ಅದೇ ವರದಿಯಲ್ಲಿ ನಲವತ್ತೆಂಟು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗೃಹಿಣಿಯರು ಎಂಬುದನ್ನು ಈ ತರ್ಕ ಹೂಡುವವರು ಓದಿರುವುದಿಲ್ಲ. ಅಮೆರಿಕದಲ್ಲಿ ಗಂಡಸರ ಪ್ರಮಾಣ ಹೆಂಗಸರದ್ದಕ್ಕಿಂತ ಸುಮಾರು ನಾಲ್ಕು ಪಟ್ಟು. ಭಾರತದಲ್ಲಿ ಆ ಅಂತರ ಅದಕ್ಕಿಂತ ಬಹಳ ಕಡಿಮೆ. 2016ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ಹೆಂಗಸರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರು ನಮ್ಮ ದೇಶದವರು.

ಇದಕ್ಕಿಂತ ಮುಖ್ಯವಾದ, ಎಷ್ಟು ಬಾರಿ ಹೇಳಿದರೂ ಮನೆಯವರು ಒಪ್ಪಲು ಹಿಂಜರಿಯುವ ಸಂಗತಿ ಬೇರೆಯೇ ಇದೆ. ಬದುಕಿ ಉಳಿದಳು ಎಂಬುದು ಸಾಯುವ ಮನಸ್ಸು ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಆ ಗಳಿಗೆಯಲ್ಲಿ ಕೈಗೆ ಏನು ಸಿಕ್ಕಿತು, ಯಾರು ಎಷ್ಟು ಹೊತ್ತಿಗೆ ನೋಡಿದರು, ಆಸ್ಪತ್ರೆ ಎಷ್ಟು ದೂರ ಎಂಬ, ಅವಳ ಮನಸ್ಸಿಗೆ ಸಂಬಂಧವೇ ಇಲ್ಲದ ಸಂಗತಿಗಳು ಜೀವ ಉಳಿಯುವುದನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ತುರ್ತು ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿರುವ ನಮಗೆ, 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿಯಾದ ತಲಪಾಡಿಯಲ್ಲಿ ರಸ್ತೆ ಮುಚ್ಚಿದ ದಿನಗಳನ್ನು ಕಂಡ ನಮಗೆ, ಇದನ್ನು ಬಿಡಿಸಿ ಹೇಳಬೇಕಾಗಿ ಬರಬಾರದಿತ್ತು. ಮರುದಿನ ಅವಳೇ “ಸುಮ್ಮನೆ ಮಾಡಿದ್ದು” ಎಂದರೂ ಅದನ್ನು ಅಂತಿಮ ಹೇಳಿಕೆ ಎಂದುಕೊಳ್ಳಬೇಡಿ. ಸುತ್ತ ಅತ್ತೆ, ನಾದಿನಿ, ಗಂಡ ಎಲ್ಲರೂ ನಿಂತಿರುವಾಗ ಬೇರೆ ಏನು ಹೇಳಿಯಾಳು? ಸಾಯಬೇಕೆಂಬ ಆಸೆಯೂ ಬದುಕಬೇಕೆಂಬ ಆಸೆಯೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರುವುದು ನಾವು ದಿನವೂ ನೋಡುವ ಸಂಗತಿ. ಹಿಂದೆ ಒಮ್ಮೆ ಯತ್ನಿಸಿರುವುದು, ಹೆಂಗಸಾಗಲಿ ಗಂಡಸಾಗಲಿ, ಮುಂದಿನ ಅಪಾಯದ ಅತಿ ಪ್ರಬಲ ಸೂಚನೆಗಳಲ್ಲಿ ಒಂದು. ಯತ್ನಿಸಿದವರೆಲ್ಲ ಮತ್ತೆ ಯತ್ನಿಸುತ್ತಾರೆ ಎಂದು ಇದರ ಅರ್ಥವಲ್ಲ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ “ಒಮ್ಮೆ ಮಾಡಿ ನೋಡಿದಳು, ಇನ್ನು ಮಾಡಲಿಕ್ಕಿಲ್ಲ” ಎಂದು ಮನೆಯವರು ನಿಶ್ಚಿಂತರಾಗುವುದು ಲೆಕ್ಕವನ್ನು ತಲೆಕೆಳಗಾಗಿ ಓದಿದಂತೆ.

ಗಂಡಸರ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು. ಅವರು ದುಃಖವಾಗಿದೆ ಎಂದು ಬರುವುದಿಲ್ಲ. ಗ್ಯಾಸ್ ಎನ್ನುತ್ತಾರೆ, ನಿದ್ದೆ ಇಲ್ಲ ಎನ್ನುತ್ತಾರೆ, ಬಾರದೆಯೂ ಇರುತ್ತಾರೆ. ಸಿಡುಕು, ಕುಡಿತ, ಯಾರ ಜೊತೆಗೂ ಬೆರೆಯದಿರುವುದು, ಇವನ್ನು ಮನೆಯವರು ಸ್ವಭಾವ ಎಂದುಕೊಳ್ಳುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುವುದಾದರೆ, ಪೆರ್ಲದ ಕಡೆಯ ಒಬ್ಬ ಅಡಿಕೆ ಕೃಷಿಕರ ಹೆಂಡತಿ ತನ್ನ ನಿದ್ರಾಹೀನತೆಗೆಂದು ಬಂದವರು, ಮಾತಿನ ನಡುವೆ, ಗಂಡ ಈಗ ಎಷ್ಟೋ ಶಿಸ್ತಿನವರಾಗಿದ್ದಾರೆ, ಬ್ಯಾಂಕಿನ ಕಾಗದಪತ್ರಗಳನ್ನೆಲ್ಲ ಸರಿಮಾಡಿ ಮಗನಿಗೆ ತೋರಿಸಿಕೊಟ್ಟಿದ್ದಾರೆ, ಆದರೆ ತೋಟಕ್ಕೂ ಭಜನಾ ಮಂದಿರಕ್ಕೂ ಹೋಗುವುದನ್ನು ಬಿಟ್ಟಿದ್ದಾರೆ ಎಂದರು. ಹೀಗೆ ಎಲ್ಲವನ್ನೂ ಒಪ್ಪಿಸಿ ಹಿಂದೆ ಸರಿಯುವುದು ಸಾಯಲು ಸಿದ್ಧವಾಗುತ್ತಿರುವ ಸೂಚನೆಯೂ ಆಗಿರಬಹುದು. ಮರುದಿನವೇ ಗಂಡನನ್ನು ಕರೆಸಿ, ಒಬ್ಬರೇ ಇದ್ದಾಗ, ಸಾಯಬೇಕು ಎಂದು ಅನಿಸುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಎಲೆಅಡಿಕೆ ಹಾಕುತ್ತೀರಾ ಎಂದು ಕೇಳಿದರೆ ಹೇಳುವಷ್ಟೇ ಸಹಜವಾಗಿ ಅವರು ಹೌದೆಂದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಇಡೀ ಮನೆ ಅವರ ಹಿಂದೆ ನಿಂತಿತು, ಅದು ಸರಿಯೇ. ಆದರೆ ಅದೇ ಪ್ರಶ್ನೆಯನ್ನು ಹೆಂಡತಿಗೂ ಕೇಳಿದಾಗ, ತಾನು ಎರಡು ವರ್ಷಗಳಿಂದ ಮನೆಯಲ್ಲಿ ಬಾಯಿಬಿಟ್ಟು ಹೇಳುತ್ತಲೇ ಇದ್ದೇನೆ, ಎಲ್ಲರೂ ನಗುತ್ತಾರೆ ಎಂದರು. ಇಬ್ಬರಿಗೂ ಚಿಕಿತ್ಸೆ ನಡೆಯುತ್ತಿದೆ. ಯಜಮಾನರು ಈಗ ನನ್ನೊಂದಿಗೆ ಅಡಿಕೆ ಧಾರಣೆಯ ಬಗ್ಗೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾರೆ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಕೇಳುವುದರಿಂದ ಹೆಚ್ಚಿನವರಿಗೆ ಹಗುರವೇ ಆಗುತ್ತದೆ. ಖಿನ್ನತೆಯ ಮಾತ್ರೆಗಳ ಪೂರ್ಣ ಗುಣ ಕಾಣಲು ವಾರಗಳೇ ಬೇಕು, ಮೊದಲ ವಾರಗಳಲ್ಲಿ ಮನೆಯವರ ಕಣ್ಣು ಹೆಚ್ಚು ಎಚ್ಚರವಾಗಿರಬೇಕು, ಮಾತ್ರೆಗಳನ್ನು ಇನ್ನೊಬ್ಬರು ಇಟ್ಟುಕೊಂಡು ಆಯಾ ದಿನದ್ದನ್ನು ಮಾತ್ರ ಕೊಡಬೇಕು, ತೋಟಕ್ಕೆ ಹೊಡೆಯುವ ಮದ್ದುಗಳ ಬೀಗದ ಕೈ ರೋಗಿಯ ಬಳಿ ಇರಬಾರದು. ಪೊಲೀಸ್ ಕೇಸಿನ ಭಯದಿಂದ “ಗೊತ್ತಾಗದೆ ಆದದ್ದು” ಎಂದು ವೈದ್ಯರಿಗೇ ಸುಳ್ಳು ಹೇಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಪ್ರಕಾರ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ರೀತಿ ರುಜುವಾತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುವ ಕ್ರಮ ಇದ್ದೀತು. ಅದಕ್ಕಾಗಿ ವೈದ್ಯರಿಂದ ನಿಜವನ್ನು ಮುಚ್ಚಿಡುವುದು ಬೇಡ. ನಡುರಾತ್ರಿಯಲ್ಲೂ ಮಾತನಾಡಲು ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಅಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು; ಕೇರಳದ ಆರೋಗ್ಯ ಸಹಾಯವಾಣಿ ದಿಶಾದ ಸಂಖ್ಯೆ 1056. ಜೀವಕ್ಕೆ ಕೂಡಲೇ ಅಪಾಯವಿದೆ ಎಂದು ತೋರಿದರೆ ಫೋನಿನಲ್ಲಿ ಹೊತ್ತು ಕಳೆಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಗೆ ತಲುಪುವವರೆಗೆ ಅವರನ್ನು ಒಬ್ಬರೇ ಇರಲು ಬಿಡಬೇಡಿ.