ಮಗಳ ಪಾಲು: 180 ಗುಂಟೆ ತೋಟದ ಮೇಲೆ ಒಂದು ತೀರ್ಪಿನ ಓದು

ಮಲೆನಾಡಿನ ಪಾಲಿನ ದಾವೆಗಳಲ್ಲಿ ಅಡಿಕೆ ತೋಟ ಬಾರದೆ ಇರುವುದು ಕಡಿಮೆ. ಆದ್ದರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಪಾಲಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ವಿನೀತಾ ಶರ್ಮಾ ತೀರ್ಪನ್ನು (11 ಆಗಸ್ಟ್ 2020) ಒಂದು ತೋಟ ಇಟ್ಟುಕೊಂಡೇ ಓದೋಣ.

ತೀರ್ಥಹಳ್ಳಿ ಕಡೆಯ ಒಂದು ಮನೆ ಎಂದುಕೊಳ್ಳಿ. ಪಿತ್ರಾರ್ಜಿತ ತೋಟ 4 ಎಕರೆ 20 ಗುಂಟೆ, ಅಂದರೆ 180 ಗುಂಟೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಗಳ ಮದುವೆ 1988ರಲ್ಲಿ. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆ 1999ರಲ್ಲಿ ಉಯಿಲು ಬರೆಯದೆ ತೀರಿಕೊಂಡರು.

ಹಿಂದೂ ಉತ್ತರಾಧಿಕಾರ ಕಾಯ್ದೆಯ ಹಳೆಯ ಲೆಕ್ಕದಲ್ಲಿ, ತಂದೆ ಸಾಯುವ ಮುಂಚಿನ ಗಳಿಗೆಯಲ್ಲಿ ಪಾಲಾಗಿತ್ತು ಎಂದು ಕಲ್ಪಿಸಿಕೊಳ್ಳಬೇಕು. ತಂದೆಗೆ 60, ಗಂಡುಮಕ್ಕಳಿಗೆ ತಲಾ 60. ಆಮೇಲೆ ತಂದೆಯ 60 ಮಾತ್ರ ಮೂವರಿಗೂ ಹಂಚಿಕೆ. ಮಗಳಿಗೆ 20 ಗುಂಟೆ, ಅಣ್ಣತಮ್ಮಂದಿರಿಗೆ ತಲಾ 80. ಈ ಕಾಯ್ದೆಗೆ ನಮ್ಮ ರಾಜ್ಯದ ತಿದ್ದುಪಡಿ 30 ಜುಲೈ 1994ರಿಂದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು, ನಿಜ. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಈಕೆಗೆ ಅದು ಉಪಯೋಗಕ್ಕೆ ಬರಲಿಲ್ಲ.

ಮದುವೆಯಾದ ಮಗಳಿಗೂ ಮಗನಷ್ಟೇ ಪಾಲು ಕೊಡುವ ಕೇಂದ್ರದ ತಿದ್ದುಪಡಿ 9 ಸೆಪ್ಟೆಂಬರ್ 2005ಕ್ಕೆ ಜಾರಿಯಾಯಿತು. ಗೊಂದಲ ಶುರುವಾದದ್ದು ಅಲ್ಲಿಂದ. ಆ ದಿನ ತಂದೆಯೂ ಬದುಕಿರಬೇಕು ಎಂದಿತು 2015ರ ಫೂಲಾವತಿ ತೀರ್ಪು. 2001ರಲ್ಲೇ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು 2018ರ ದಾನಮ್ಮ ತೀರ್ಪು. ಎರಡೂ ನಮ್ಮ ಹೈಕೋರ್ಟಿನಿಂದ ಮೇಲೆ ಹೋದ ಪ್ರಕರಣಗಳು, ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದವು. ಮೂವರ ಪೀಠ 2020ರಲ್ಲಿ ಇದನ್ನು ಬಗೆಹರಿಸಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಇದ್ದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಕಲ್ಪಿತ ಪಾಲಿನಿಂದ ಕುಟುಂಬದ ಆಸ್ತಿ ನಿಜವಾಗಿ ಒಡೆದುಹೋಗುವುದಿಲ್ಲ ಎಂಬ ಮಾತೇ ಈ ತೀರ್ಪಿನ ತಿರುಳು ಎಂದು ನನ್ನ ಅಭಿಪ್ರಾಯ. ನಮ್ಮ ಲೆಕ್ಕದಲ್ಲಿ ಮಗಳ 20 ಗುಂಟೆ 60 ಆಗುತ್ತದೆ.

ಹಾಗೆಂದು ಹಳೆಯ ಪಾಲುಗಳೆಲ್ಲ ಬಿದ್ದುಹೋಗುವುದಿಲ್ಲ. 20 ಡಿಸೆಂಬರ್ 2004ಕ್ಕೆ ಮುಂಚೆ ನೋಂದಾಯಿತ ಪಾಲುಪಟ್ಟಿಯಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ವಿಭಾಗ ಭದ್ರ. ನಮ್ಮಲ್ಲಿ ತೊಡಕಾಗುವುದು ಊರ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದುಕೊಂಡ ಪಾಲುಗಳು. ಬಾಯಿಮಾತಿನ ಸಾಕ್ಷ್ಯವೊಂದರಿಂದಲೇ ಅವನ್ನು ಒಪ್ಪುವಂತಿಲ್ಲ. ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲವಿದ್ದರೆ, ಅದೂ ಅಪರೂಪದ ಸಂದರ್ಭದಲ್ಲಿ ಮಾತ್ರ, ಪರಿಗಣಿಸಬಹುದು. ಸಾಬೀತು ಮಾಡುವ ಹೊಣೆ ಪಾಲಾಗಿದೆ ಎನ್ನುವವರದ್ದು.

ತಂದೆಯ ಸ್ವಯಾರ್ಜಿತಕ್ಕೆ ಇದು ಅನ್ವಯಿಸದು, ಅದನ್ನು ಅವರು ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಬರೆಯಬಹುದು. ಇಲ್ಲಿ ಗೇಣಿ ಜಮೀನಿನ ಪ್ರಶ್ನೆ ಏಳುತ್ತದೆ. ಗೇಣಿದಾರರ ಕಾಗೋಡು ಹೋರಾಟದ ಸೀಮೆ ನಮ್ಮದು, 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಡಿಕ್ಲರೇಷನ್ (ಗೇಣಿದಾರರ ಹಕ್ಕಿನ ಅರ್ಜಿ) ಹಾಕಿ ಜಮೀನು ಪಡೆದ ಮನೆಗಳು ಬಹಳ. ಪಹಣಿಯಲ್ಲಿ ಒಬ್ಬರದೇ ಹೆಸರಿದ್ದರೂ, ಗೇಣಿ ಇಡೀ ಕುಟುಂಬದ್ದಾಗಿತ್ತೇ ಎಂಬುದನ್ನು ಸಾಕ್ಷ್ಯ ನೋಡಿ ತೀರ್ಮಾನಿಸುತ್ತಾರೆ. ಪಾಲಿನ ಲೆಕ್ಕ ಬಿಡಿಸುವಾಗ ಪಹಣಿಯ ಹೆಸರು ನೋಡಿ ಸ್ವಯಾರ್ಜಿತ ಎಂದು ಬರೆದುಬಿಡಬೇಡಿ.



ಮತ್ತೆ ತೋಟಕ್ಕೆ ಬಂದರೆ, ದಾವೆಯಲ್ಲಿ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂಬ ಆದೇಶ) ಆಗಿದ್ದರೂ ಅಂತಿಮ ಡಿಕ್ರಿ (ಜಮೀನನ್ನು ಹಂಚಿಕೊಡುವ ಆದೇಶ) ಆಗುವವರೆಗೆ ಮಗಳ ಪಾಲನ್ನು ತಿದ್ದಿ ಕೊಡಬಹುದು ಎಂದೂ 2020ರ ತೀರ್ಪು ಹೇಳಿದೆ. ಬಾಕಿ ಇರುವ ಹಳೆಯ ದಾವೆಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.