ಗುರಿ ಅಭ್ಯಾಸಕ್ಕೂ ಮೊಲದ ಬೇಟೆಗೂ ಒಂದೇ ರಿಮ್‌ಫೈರ್ ರೈಫಲ್: ಯಾವ ಕ್ಯಾಲಿಬರ್ ಒಳ್ಳೆಯದು?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ವಾರಾಂತ್ಯಕ್ಕೆ ರೇಂಜ್‌ನಲ್ಲಿ ಗುರಿ ಅಭ್ಯಾಸ, ಆಗೊಮ್ಮೆ ಈಗೊಮ್ಮೆ ಮೊಲ, ಅಳಿಲಿನ ಬೇಟೆ. .22 ಎಲ್‌ಆರ್, .22 ಮ್ಯಾಗ್ನಮ್, .17 ಎಚ್‌ಎಂಆರ್: ಮೂರರಲ್ಲಿ ಯಾವುದು ಕೊಳ್ಳಲಿ?

ಉತ್ತರ: .22 ಎಲ್‌ಆರ್ ಕೊಳ್ಳಿ. (ಮೂರೂ ರಿಮ್‌ಫೈರ್, ಅಂದರೆ ಬುಡದ ಅಂಚಿಗೆ ಬಡಿದಾಗ ಸಿಡಿಯುವ ತೋಟಾಗಳು; ಕ್ಯಾಲಿಬರ್ ಎಂದರೆ ಗುಂಡಿನ ಅಳತೆ.) ಗುರಿ ಕೂರುವುದು ಸಾವಿರಾರು ಈಡು ಹೊಡೆದ ಮೇಲೆ. ಇದರ ತೋಟಾದಷ್ಟು ಅಗ್ಗ ಉಳಿದೆರಡರದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುವುದೂ ಇದೇ ತೋಟಾದಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 10.4 ಮಿ.ಮೀ.

ವೇಗ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಹೆಚ್ಚಿನವರು ಎಡವುವುದು ಇಲ್ಲೇ. .22 ಎಲ್‌ಆರ್‌ನಲ್ಲೇ 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಧಾರಣ ವೇಗದ) ಗುಂಡು ಸೆಕೆಂಡಿಗೆ 1,070 ಅಡಿ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗ ಸುಮಾರು 1,125 ಅಡಿ. ಹೈ ವೆಲಾಸಿಟಿ (ಹೆಚ್ಚು ವೇಗದ) ಗುಂಡು 1,235ರಲ್ಲಿ ಹೊರಟರೂ ನೂರು ಗಜ ಮುಟ್ಟುವ ಮೊದಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಗಾಳಿಯ ತಡೆ ಜೋರಾಗುವುದು ಸರಿಯಾಗಿ ಆ ಹಂತದಲ್ಲೇ. ಹಾಗಾಗಿ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯಲ್ಲಿ ನಿಧಾನದ ಗುಂಡು ನೂರು ಗಜಕ್ಕೆ ನಾಲ್ಕೂವರೆ ಅಂಗುಲದಷ್ಟು ಸರಿದರೆ, ವೇಗದ್ದು ಇನ್ನೂ ಒಂದಂಗುಲ ಆಚೆ ಹೋಗುತ್ತದೆ. ರೇಂಜ್‌ಗೆ ಸ್ಟ್ಯಾಂಡರ್ಡ್, ಮೊಲಕ್ಕೆ ಹೈ ವೆಲಾಸಿಟಿಯ ಹಾಲೋ ಪಾಯಿಂಟ್ (ತುದಿ ಟೊಳ್ಳಾಗಿರುವ ಗುಂಡು) ಸಾಕು. 50 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಆ ದೂರಕ್ಕೆ ಗುಂಡು ಗುರಿಗೇ ಬೀಳುವಂತೆ ಹೊಂದಿಸಿದರೆ, 75ರಲ್ಲಿ ಗುಂಡು ಸುಮಾರು ಎರಡಂಗುಲ ಇಳಿಯುತ್ತದೆ, ನೂರರಲ್ಲಿ ಆರೇಳು. ಬೇಟೆಗೆ 75 ಗಜವೇ ಮಿತಿ. ಅದಕ್ಕೂ ದೂರ ಹೊಡೆದರೆ ಪ್ರಾಣಿ ಗಾಯಗೊಂಡು ನರಳುತ್ತದೆ.

.17 ಎಚ್‌ಎಂಆರ್ 2002ರದ್ದು. 17 ಗ್ರೇನ್ ಗುಂಡು, 2,550 ಅಡಿ ವೇಗ. ಬಯಲಿನಲ್ಲಿ ನೂರು ಗಜದಾಚೆಗೆ ಪದೇ ಪದೇ ಹೊಡೆಯುವವರಿಗೆ ಇದೇ ಸರಿ. ಆದರೆ ಆ ಪುಟ್ಟ ಗುಂಡು ಒಳಗೆ ಸಿಡಿಯುತ್ತದೆ. ಅಳಿಲಿನ ಮೈಗೆ ಬಿದ್ದರೆ ಮಾಂಸ ಅಡುಗೆಗೆ ಬರದು, ತಲೆಗೇ ಹೊಡೆಯಬೇಕು. .22 ಮ್ಯಾಗ್ನಮ್‌ನ ಬಲ ನರಿಯಂಥ ದೊಡ್ಡ ಪ್ರಾಣಿಗೆ ಸರಿ, ನಿಮಗೆ ಬೇಡ. .22 ಎಲ್‌ಆರ್ ತೋಟಾ ಮ್ಯಾಗ್ನಮ್ ರೈಫಲ್‌ನ ಚೇಂಬರಿಗೂ (ತೋಟಾ ಕೂರುವ ಗೂಡಿಗೂ) ಹೊಕ್ಕುತ್ತದೆ. ಅಳ್ಳಕವಾಗಿ ಕೂತು ಹಿತ್ತಾಳೆ ಸೀಳಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಎಂದೂ ಹಾಕಬೇಡಿ.

ಕೊಂಡ ಮೇಲೆ ಐದಾರು ಬಗೆಯ ತೋಟಾ ತಂದು, 50 ಗಜಕ್ಕೆ ಐದೈದು ಈಡಿನ ಮೂರು ಗುಂಪು ಹೊಡೆದು ಅಳೆಯಿರಿ. ಒಂದು ನಳಿಗೆಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸದು. ಸೀಸದ ಗುಂಡಿನ ಮೇಲಿನ ಮೇಣ ನಳಿಗೆಗೆ ಮೆತ್ತುವುದರಿಂದ, ಬ್ರ್ಯಾಂಡ್ ಬದಲಿಸಿದಾಗ ಮೊದಲ ಹತ್ತು ಈಡು ಲೆಕ್ಕಕ್ಕಿಲ್ಲ. ಕುದುರೆ (ಟ್ರಿಗರ್) ಎಳೆದರೂ ತೋಟಾ ಸಿಡಿಯದಿದ್ದರೆ, ನಳಿಗೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡು ಕಾದು ಆಮೇಲೆ ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ತೆಗೆಯಿರಿ. ಅಂಚಿನೊಳಗಿನ ಮದ್ದು ಕೆಲವೊಮ್ಮೆ ತಡವಾಗಿ ಹತ್ತುತ್ತದೆ.

ಎಚ್-1ಬಿಯಂಥ ವೀಸಾದಲ್ಲಿದ್ದರೆ ಅಂಗಡಿಗೆ ಹೋಗುವ ಮೊದಲೇ ಬೇಟೆ ಪರವಾನಗಿ ಮಾಡಿಸಿಕೊಳ್ಳಿ. ಅಂಥ ಕಾನೂನಿನ ವಿನಾಯಿತಿ ಇಲ್ಲದೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ.