ಪ್ರಜ್ಞೆ ಇಲ್ದೆ ಬಂದ ಪೇಷಂಟ್‌ನಲ್ಲಿ ಪಾಯ್ಸನಿಂಗ್ ಗುರುತಿಸೋದು ಹೇಗೆ

ಎಮರ್ಜೆನ್ಸಿಗೆ ಪ್ರಜ್ಞೆ ತಪ್ಪಿ ಬಂದವ್ರು ಏನು ಕುಡಿದ್ರು ಅಂತ ಹೇಳೋ ಸ್ಥಿತೀಲಿ ಇರಲ್ಲ, ಕರ್ಕೊಂಡ್ ಬಂದವ್ರಿಗೂ ಎಷ್ಟೋ ಸಲ ಗೊತ್ತಿರಲ್ಲ. ಹಾಗಾಗಿ ವಿಷದ ಹೆಸರು ಹುಡುಕ್ತಾ ಕೂರಬೇಡಿ, ಮೊದ್ಲು ಏರ್‌ವೇ (ಉಸಿರಿನ ದಾರಿ), ಉಸಿರು, ಬಿಪಿ, ಜೊತೆಗೇ ಶುಗರ್ ಚೆಕ್ ಮಾಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಓವರ್‌ಡೋಸ್ ಆದ್ರೂ ಕೋಮಾ ಬರುತ್ತೆ, ಅದೂ ಪಾಯ್ಸನಿಂಗೇ.

ಆಮೇಲೆ ಪ್ಯೂಪಿಲ್ (ಕಣ್ಣಿನ ಪಾಪೆ) ನೋಡಿ, ಆದ್ರೆ ಬರೀ ಪ್ಯೂಪಿಲ್ ನಂಬ್ಕೊಂಡು ನಿರ್ಧಾರ ಮಾಡ್ಬೇಡಿ, ಇಲ್ಲೇ ತುಂಬಾ ಜನ ಎಡವೋದು. ಸೂಜಿ ಮೊನೆಯಷ್ಟು ಚಿಕ್ಕ ಪ್ಯೂಪಿಲ್, ಉಸಿರು ನಿಮಿಷಕ್ಕೆ 12ಕ್ಕಿಂತ ಕಡಿಮೆ, ಮೈ ಒಣಗಿದೆ ಅಂದ್ರೆ ಓಪಿಯಾಯ್ಡ್ (ಮಾರ್ಫಿನ್, ಹೆರಾಯಿನ್ ತರದ್ದು) ಇರಬಹುದು. ಅದೇ ಚಿಕ್ಕ ಪ್ಯೂಪಿಲ್ ಜೊತೆ ಬಾಯಲ್ಲಿ ಜೊಲ್ಲು, ಮೈಯೆಲ್ಲಾ ಬೆವರು, ಎದೇಲಿ ಗೊರಗೊರ ಸದ್ದು, ತೊಡೆ ಮೇಲೆ ಕೈ ಇಟ್ರೆ ಸ್ನಾಯು ಪಟಪಟ ಅದುರ್ತಾ ಇದ್ರೆ ಆರ್ಗನೋಫಾಸ್ಫೇಟ್ ಕೀಟನಾಶಕ ಅಂತ ಯೋಚ್ನೆ ಮಾಡಿ. ಮಿದುಳಿನ ಕಾಂಡದ ಪಾನ್ಸ್ ಅನ್ನೋ ಭಾಗದಲ್ಲಿ ರಕ್ತಸ್ರಾವ ಆದ್ರೂ ಪ್ಯೂಪಿಲ್ ಹೀಗೇ ಇರುತ್ತೆ.

ಓಪಿಯಾಯ್ಡ್‌ಗೆ ನಲಾಕ್ಸೋನ್ (ಅದರ ಪರಿಣಾಮ ಇಳಿಸೋ ಔಷಧಿ) ಕೊಡೋವಾಗ ಪೇಷಂಟ್ ಎದ್ದು ಕೂತು ಮಾತಾಡ್ಬೇಕು ಅನ್ನೋದು ಗುರಿ ಅಲ್ಲ, ಸರಿಯಾಗಿ ಉಸಿರಾಡಿದ್ರೆ ಸಾಕು, ಮತ್ತೆ ನಲಾಕ್ಸೋನ್ ಪರಿಣಾಮ ಸುಮಾರು 30ರಿಂದ 90 ನಿಮಿಷ ಅಷ್ಟೇ ಇರೋದು, ಮೆಥಡೋನ್ ತರದ ತುಂಬಾ ಹೊತ್ತು ಕೆಲಸ ಮಾಡೋ ಓಪಿಯಾಯ್ಡ್ ತಗೊಂಡಿದ್ರೆ ನಲಾಕ್ಸೋನ್ ಇಳಿದ್ಮೇಲೆ ಮತ್ತೆ ಉಸಿರು ನಿಧಾನ ಆಗುತ್ತೆ, ಚೆನ್ನಾಗಿದ್ದಾರೆ ಅಂತ ಬೇಗ ಕಳಿಸ್ಬೇಡಿ. ಆರ್ಗನೋಫಾಸ್ಫೇಟ್‌ನಲ್ಲಿ ಅಟ್ರೋಪಿನ್ (ಆ ವಿಷದ ಪರಿಣಾಮ ತಡೆಯೋ ಔಷಧಿ) ಡೋಸ್ 5 ನಿಮಿಷಕ್ಕೊಮ್ಮೆ ಡಬಲ್ ಮಾಡ್ತಾ ಹೋಗೋದು, ಎಲ್ಲಿವರೆಗೆ ಅಂದ್ರೆ ಎದೆ ಕ್ಲಿಯರ್ ಆಗಿ ಪಲ್ಸ್ 80ರ ಮೇಲೆ, ಮೇಲಿನ (ಸಿಸ್ಟಾಲಿಕ್) ಬಿಪಿನೂ 80ರ ಮೇಲೆ ಬರೋವರೆಗೆ. ಪ್ಯೂಪಿಲ್ ದೊಡ್ಡದಾಗ್ಲಿ ಅಂತ ಕಾಯೋದಲ್ಲ.

ಪ್ಯೂಪಿಲ್ ದೊಡ್ಡದು, ಮೈ ಬಿಸಿ, ಚರ್ಮ ಒಣ, ಪಲ್ಸ್ ಜೋರು ಅಂದ್ರೆ ಆಂಟಿಕೋಲಿನರ್ಜಿಕ್ ವಿಷ (ಉಮ್ಮತ್ತಿ, ಕೆಲವು ಅಲರ್ಜಿ ಮಾತ್ರೆ ತರದ್ದು) ಇರಬಹುದು. ಇಂಥವ್ರಿಗೆ ಇಸಿಜಿ ಬೇಕೇ ಬೇಕು, ಅದ್ರಲ್ಲಿ ಕ್ಯೂಆರ್‌ಎಸ್ ಅಲೆಯ ಅಗಲ 100 ಮಿಲಿಸೆಕೆಂಡ್ ದಾಟಿದ್ರೆ ಟ್ರೈಸೈಕ್ಲಿಕ್ (ಖಿನ್ನತೆಗೆ ಕೊಡೋ ಒಂದು ಬಗೆಯ ಮಾತ್ರೆ) ಅನುಮಾನ ಪಡಿ, ಅದಕ್ಕೆ ಸೋಡಿಯಂ ಬೈಕಾರ್ಬೊನೇಟ್.

ಕಾರ್ಬನ್ ಮೊನಾಕ್ಸೈಡ್ ಮಾತ್ರ ಮೋಸ ಮಾಡುತ್ತೆ. ಬೆರಳಿಗೆ ಹಾಕೋ ಆಕ್ಸಿಮೀಟರ್ 98 ತೋರಿಸ್ತಾ ಇರುತ್ತೆ, ಯಾಕಂದ್ರೆ ಹಿಮೋಗ್ಲೋಬಿನ್‌ಗೆ ಅಂಟಿರೋದು ಆಕ್ಸಿಜನ್ನಾ ಕಾರ್ಬನ್ ಮೊನಾಕ್ಸೈಡಾ ಅಂತ ಅದಕ್ಕೆ ಗೊತ್ತಾಗಲ್ಲ. ಒಂದೇ ಮನೆಯಿಂದ ಇಬ್ಬರು ಮೂವರು ಒಟ್ಟಿಗೆ ಬಂದ್ರೆ ಮೊದ್ಲು 100% ಆಕ್ಸಿಜನ್ ಹಾಕಿ, ಆಮೇಲೆ ಕೋ-ಆಕ್ಸಿಮೆಟ್ರಿಗೆ (ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಅಳೆಯೋ ಟೆಸ್ಟ್) ರಕ್ತ ಕಳಿಸಿ.

ಬಾಯಲ್ಲಿ ಆಲ್ಕೋಹಾಲ್ ವಾಸನೆ ಇದೆ ಅಂತ ಅಲ್ಲಿಗೇ ನಿಲ್ಲಿಸ್ಬೇಡಿ, ಬಿದ್ದು ತಲೆಗೆ ಏಟಾಗಿರಬಹುದು, ಎರಡು ಪ್ಯೂಪಿಲ್ ಒಂದೇ ಸಮ ಇಲ್ಲ ಅಂದ್ರೆ ತಲೆ ಸಿಟಿ ಸ್ಕ್ಯಾನ್ ಮಾಡ್ಸಿ. ಬೇಕಂತ್ಲೇ ಮಾತ್ರೆ ನುಂಗಿರೋ ಅನುಮಾನ ಇದ್ರೆ ಪ್ಯಾರಾಸಿಟಮಾಲ್ ಲೆವೆಲ್ಲೂ ಕಳಿಸಿ, ನುಂಗಿ 4 ಗಂಟೆ ಆದ್ಮೇಲೆ. ಅದ್ರಿಂದ ಸಾಮಾನ್ಯವಾಗಿ ಶುರುವಲ್ಲೇ ಪ್ರಜ್ಞೆ ಹೋಗಲ್ಲ, ಆದ್ರೆ ಬೇರೆ ಮಾತ್ರೆ ಜೊತೆ ಸೇರಿ ಒಳಗೆ ಹೋಗಿದ್ರೆ ಲಿವರ್ ಹಾಳಾಗೋದು ತಡವಾಗಿ ಗೊತ್ತಾಗುತ್ತೆ, ಪ್ಯಾರಾಸಿಟಮಾಲ್ ವಿಷಕ್ಕೆ ಕೊಡೋ ಔಷಧಿ ಎನ್-ಅಸಿಟೈಲ್‌ಸಿಸ್ಟೀನ್ ನುಂಗಿ 8 ಗಂಟೆ ಒಳಗೆ ಶುರು ಮಾಡಿದ್ರೇನೇ ಅತಿ ಹೆಚ್ಚು ಉಪಯೋಗ.